ಟೀಚರ್ ಒಪ್ಪಿದರೆ ಹೊಡೆಯಬಹುದೇ?

ನಾಲ್ಕು ವರ್ಷದ ಮಗುವನ್ನು ಕೇಳಿ ನೋಡಿ. ‘ತಿಂಡಿ ತಿನ್ನುವಾಗ ಎದ್ದು ಓಡಾಡಬಾರದು ಅಂತ ಶಾಲೆಯಲ್ಲಿ ನಿಯಮ ಇದೆಯಲ್ಲ, ನಾಳೆಯಿಂದ ಓಡಾಡಬಹುದು ಅಂತ ಟೀಚರೇ ಹೇಳಿಬಿಟ್ಟರೆ?’ ಹಾಗಾದರೆ ಪರವಾಗಿಲ್ಲ ಎನ್ನುತ್ತದೆ. ‘ಪಕ್ಕದವನಿಗೆ ಹೊಡೆಯಬಹುದು ಅಂತ ಟೀಚರ್ ಹೇಳಿದರೆ?’ ಇದಕ್ಕೆ ಹೆಚ್ಚಿನ ಮಕ್ಕಳು ಒಪ್ಪುವುದಿಲ್ಲ. ಯಾರು ಹೇಳಿದರೂ ಅದು ತಪ್ಪೇ. ಯಾಕೆಂದರೆ ಅವನಿಗೆ ನೋವಾಗುತ್ತದೆ.

ನೀತಿ ಎಂಬ ಪದವನ್ನು ದೊಡ್ಡವರಾದ ನಾವು ಧಾರಾಳವಾಗಿ ಬಳಸುತ್ತೇವೆ. ಸರ್ಕಾರದ ತೆರಿಗೆ ನೀತಿ, ಕಂಪನಿಯ ರಜಾ ನೀತಿ, ಕೊಟ್ಟ ಮಾತಿಗೆ ತಪ್ಪಬಾರದೆಂಬ ನೀತಿ. ಮೊದಲೆರಡನ್ನು ಬದಲಿಸಲು ಒಂದು ಸುತ್ತೋಲೆ ಸಾಕು, ಮೂರನೆಯದಕ್ಕೆ ಸುತ್ತೋಲೆ ಹೊರಡಿಸುವವರು ಯಾರು? ಅಮೆರಿಕದ ಮನೋವಿಜ್ಞಾನಿ ಎಲಿಯಟ್ ಟ್ಯೂರಿಯಲ್ ಹಿಡಿದದ್ದು ಈ ಎಳೆಯನ್ನೇ. ನಿಯಮವನ್ನೇ ತೆಗೆದುಹಾಕಿದರೂ, ಅಧಿಕಾರದಲ್ಲಿರುವವರು ಅನುಮತಿ ಕೊಟ್ಟರೂ, ಬೇರೆ ಊರಿನಲ್ಲಿ ನಡೆದರೂ ತಪ್ಪು ತಪ್ಪಾಗಿಯೇ ಉಳಿದರೆ ಅದು ನೀತಿಯ ವಿಷಯ. ಉಳಿದದ್ದು ಬರೀ ರೂಢಿ.

ಚಿಕ್ಕ ಮಕ್ಕಳಿಗೆ ತಪ್ಪೆಂದರೆ ಶಿಕ್ಷೆ ತರುವ ಕೆಲಸ, ಅಷ್ಟೇ ಎಂದು ಅಲ್ಲಿಯವರೆಗೆ ಇನ್ನೊಬ್ಬ ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ವಾದಿಸಿದ್ದರು. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧ ಕದಿಯಬಹುದೇ ಎಂಬುದು ಅವರ ಪ್ರಸಿದ್ಧ ಪ್ರಶ್ನೆ. ಇಂಥದ್ದಕ್ಕೆ ಕಾರಣ ಕೊಟ್ಟು ಉತ್ತರಿಸಬೇಕಾದರೆ ನೀತಿಪ್ರಜ್ಞೆಗಿಂತ ಮಾತುಗಾರಿಕೆಯೇ ಹೆಚ್ಚು ಬೇಕು ಅಂತ ನನ್ನ ಗುಮಾನಿ. 1981ರಲ್ಲಿ ಜುಡಿತ್ ಸ್ಮೆಟಾನಾ ಸರಳ ಪ್ರಶ್ನೆಗಳನ್ನು ಕೇಳಿದಾಗ, ಇನ್ನೂ ಐದು ತುಂಬದ ಮಕ್ಕಳೂ ಹೊಡೆಯುವುದನ್ನು ಶಿಸ್ತಿನ ಉಲ್ಲಂಘನೆಗಿಂತ ಗಂಭೀರವೆಂದರು. ಶಾಲೆಯಲ್ಲಿ ಅದರ ವಿರುದ್ಧ ನಿಯಮ ಇಲ್ಲದಿದ್ದರೂ ತಪ್ಪೇ ಎಂದರು.

ಇನ್ನೂ ಕುತೂಹಲದ್ದು ಲ್ಯಾರಿ ನುಚಿ ಅವರ ಅಧ್ಯಯನ. ಅಮೆರಿಕದ ಕಟ್ಟುನಿಟ್ಟಿನ ಆಮಿಶ್ ಮೆನೊನೈಟ್ ಕ್ರೈಸ್ತ ಸಮುದಾಯದ ಮಕ್ಕಳು ಭಾನುವಾರ ದುಡಿಯುವುದನ್ನು ಪಾಪವೆಂದೇ ನಂಬಿದವರು. ಆದರೆ ದೇವರು ಆ ಆಜ್ಞೆಯನ್ನೇ ಕೊಟ್ಟಿರದಿದ್ದರೆ? ದುಡಿಯಬಹುದಿತ್ತು ಎಂದರು ಹೆಚ್ಚಿನವರು. ಇನ್ನೊಬ್ಬರಿಗೆ ಹೊಡೆಯುವ ಮಾತು ಬಂದಾಗ ಮಾತ್ರ ಆ ರಿಯಾಯಿತಿ ಸಿಗಲಿಲ್ಲ. ದೇವರು ಏನೂ ಹೇಳದಿದ್ದರೂ ಅದು ತಪ್ಪೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನೀತಿ ಎಂದರೆ ಪರರನ್ನು ನೋಯಿಸದಿರುವುದು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. 1993ರಲ್ಲಿ ಜೊನಾಥನ್ ಹೈಟ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಬ್ರೆಜಿಲ್‌ನಲ್ಲಿ ಜನರಿಗೆ ವಿಚಿತ್ರ ಪ್ರಸಂಗಗಳನ್ನು ಹೇಳಿದರು. ಹಳೆಯ ರಾಷ್ಟ್ರಧ್ವಜವನ್ನು ಹರಿದು ಬಚ್ಚಲುಮನೆ ಒರೆಸುವ ಹೆಂಗಸು. ಕಾರಿಗೆ ಸಿಕ್ಕಿ ಸತ್ತ ಸಾಕುನಾಯಿಯನ್ನು ಬೇಯಿಸಿ ತಿನ್ನುವ ಕುಟುಂಬ. ಯಾರಿಗೂ ನೋವಿಲ್ಲ, ನೋಡಿದವರೂ ಇಲ್ಲ. ಓದಿಕೊಂಡ ಅನುಕೂಲಸ್ಥರಲ್ಲಿ ಅನೇಕರು ‘ಅಸಹ್ಯ, ಆದರೆ ಅವರಿಷ್ಟ’ ಎಂದರು. ಬಡವರಲ್ಲಿ, ಮುಖ್ಯವಾಗಿ ಬ್ರೆಜಿಲ್‌ನಲ್ಲಿ, ಹೆಚ್ಚಿನವರಿಗೆ ಅದು ಎಲ್ಲಿ ನಡೆದರೂ ತಪ್ಪು, ತಡೆಯಲೇಬೇಕಾದ ತಪ್ಪು. ಟ್ಯೂರಿಯಲ್ ಅವರದೇ ಅಳತೆಗೋಲಿನಲ್ಲಿ ಅಳೆದರೆ ಇದೂ ನೀತಿಯೇ, ಆದರೆ ನೊಂದವರೇ ಇಲ್ಲದ ನೀತಿ.