‘ಇನ್‌ಸ್ಟಾಲ್ ಆದ ಫೋಲ್ಡರ್’ ಅಂದರೆ ಯಾವುದು? ಗೈಡ್ ಬರೆಯುವವರಿಗೆ ಒಂದು ಟಿಪ್ಪಣಿ

‘ಇನ್‌ಸ್ಟಾಲ್ ಆದ ಫೋಲ್ಡರಿಗೆ ಹೋಗಿ, ಕಾನ್ಫಿಗ್ ಫೈಲ್ ತೆರೆಯಿರಿ.’ ಈ ತರಹದ ಸಾಲು ಎಲ್ಲ ಇನ್‌ಸ್ಟಾಲ್ ಗೈಡ್‌ಗಳಲ್ಲೂ ಇರುತ್ತದೆ. ಬರೆದವರಿಗೆ ಅದರಲ್ಲಿ ಗೊಂದಲ ಕಾಣುವುದಿಲ್ಲ, ಯಾಕೆಂದರೆ ಜಾಗ ಅವರಿಗೆ ಗೊತ್ತು. ಓದುವವರಿಗೆ ಅದು ಜಿಪ್ ಬಿಚ್ಚಿದ ಜಾಗ ಇರಬಹುದು, ಪ್ರೋಗ್ರಾಂ ಹೋಗಿ ಕೂತ ಜಾಗ ಇರಬಹುದು, ಟರ್ಮಿನಲ್ ಕಮಾಂಡ್ ಹುಡುಕುವ ಜಾಗ ಇರಬಹುದು, ಸೆಟ್ಟಿಂಗ್ಸ್ ಉಳಿಯುವ ಜಾಗವೂ ಇರಬಹುದು. ಗೈಡ್ ತಿದ್ದುವಾಗ ಮೊದಲು ಕೇಳಬೇಕಾದ್ದು ಇಷ್ಟೇ: ಈ ಸಾಲು ನಾಲ್ಕರಲ್ಲಿ ಯಾವುದರ ಮಾತಾಡುತ್ತಿದೆ?

ವಿಂಡೋಸ್‌ನಲ್ಲಿ ಪೈಥಾನ್ ಹಾಕುವುದನ್ನೇ ತೆಗೆದುಕೊಳ್ಳಿ. ಪೈಥಾನ್ 2.7 ಇದ್ದ ಕಾಲದಲ್ಲಿ ಅದು ನೇರವಾಗಿ ಸಿ ಡ್ರೈವಿನಲ್ಲಿ ‘ಪೈಥಾನ್27’ ಎಂಬ ಫೋಲ್ಡರಿಗೆ ಹೋಗುತ್ತಿತ್ತು. 2015ರಲ್ಲಿ ಬಂದ 3.5ರಿಂದ ಇನ್‌ಸ್ಟಾಲರೇ ಬದಲಾಯಿತು. ಸುಮ್ನೆ ‘ಇನ್‌ಸ್ಟಾಲ್ ನೌ’ ಒತ್ತಿದರೆ ಅದು ನಿಮ್ಮ ಯೂಸರ್ ಫೋಲ್ಡರಿನ ಒಳಗೆ, ಆ್ಯಪ್‌ಡೇಟಾ, ಲೋಕಲ್, ಪ್ರೋಗ್ರಾಮ್ಸ್ ಅಂತ ಇಳಿಯುತ್ತಾ ಹೋಗಿ ಕೂರುತ್ತದೆ. ಎಲ್ಲ ಯೂಸರ್‌ಗಳಿಗೂ ಎಂದು ಆರಿಸಿದರೆ ಪ್ರೋಗ್ರಾಂ ಫೈಲ್ಸ್‌ಗೆ ಹೋಗುತ್ತದೆ. ಆ್ಯಪ್‌ಡೇಟಾ ಮಾಮೂಲಾಗಿ ಕಣ್ಣಿಗೆ ಕಾಣದ ಫೋಲ್ಡರ್. ‘ಸಿ ಡ್ರೈವಿನಲ್ಲಿ ಪೈಥಾನ್ ಫೋಲ್ಡರ್ ನೋಡಿ’ ಎಂಬ ಹಳೇ ಸಾಲನ್ನು ಇವತ್ತಿಗೂ ಕಾಪಿ ಮಾಡುತ್ತಿದ್ದರೆ, ಕಲಿಯುವವರು ಅಲ್ಲಿ ಏನೂ ಕಾಣದೆ ಮತ್ತೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ. ಆಮೇಲೆ ಎರಡೆರಡು ಪೈಥಾನ್!

ಹಾಗಾದರೆ ಹೊಸ ವಿಳಾಸ ಬರೆದರೆ ಸಾಕಾ? ಸಾಲದು, ಅದೂ ಒಂದು ದಿನ ಹಳತಾಗುತ್ತದೆ. ಕಂಪ್ಯೂಟರನ್ನೇ ಕೇಳುವುದು ಹೇಗೆಂದು ಬರೆಯಬೇಕು. ನಾನಾದರೆ ಆ ಸಾಲನ್ನು ಹೀಗೆ ತಿದ್ದುತ್ತೇನೆ:

‘ಕಮಾಂಡ್ ಪ್ರಾಂಪ್ಟ್ ತೆರೆದು “ವೇರ್ ಪೈಥಾನ್” (where python) ಎಂದು ಟೈಪ್ ಮಾಡಿ. ಒಂದಕ್ಕಿಂತ ಜಾಸ್ತಿ ಸಾಲು ಬಂದರೆ, ನೀವು “ಪೈಥಾನ್” ಎಂದಾಗ ಓಡುವುದು ಮೊದಲ ಸಾಲಿನದು. ಆ ಸಾಲಿನಲ್ಲಿ “ವಿಂಡೋಸ್‌ಆ್ಯಪ್ಸ್” ಎಂದಿದ್ದರೆ ಅದು ಮೈಕ್ರೋಸಾಫ್ಟ್ ಸ್ಟೋರಿನ ಕಡೆಯದು, ಈಗ ಇನ್‌ಸ್ಟಾಲರಿನಿಂದ ಹಾಕಿದ್ದಲ್ಲ. ಏನೂ ಸಿಗದಿದ್ದರೆ ಇನ್‌ಸ್ಟಾಲರಿನಲ್ಲಿ ಪಾತ್‌ಗೆ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸುವ ಚೆಕ್‌ಬಾಕ್ಸ್ ಟಿಕ್ ಆಗಿಲ್ಲದಿರಬಹುದು.’

ಉದ್ದವಾಯಿತು, ನಿಜ. ಆದರೆ ಓದುವವರು ಸಿಕ್ಕಿಕೊಳ್ಳುವ ಮೂರು ಜಾಗಕ್ಕೂ ಉತ್ತರ ಇದೆ. ಆ ಚೆಕ್‌ಬಾಕ್ಸ್ ತಾನಾಗಿ ಟಿಕ್ ಆಗಿರುವುದಿಲ್ಲ, ಗೈಡ್‌ನಲ್ಲಿ ಅದರ ಸ್ಕ್ರೀನ್‌ಶಾಟ್ ಹಾಕಿದರೂ ತಪ್ಪಿಲ್ಲ. ‘ಕಮಾಂಡ್ ಪ್ರಾಂಪ್ಟ್’ ಎಂದು ಬಿಡಿಸಿ ಹೇಳಿದ್ದಕ್ಕೂ ಕಾರಣ ಇದೆ. ವಿಂಡೋಸ್‌ನ ಇನ್ನೊಂದು ಟರ್ಮಿನಲ್ ಆದ ಪವರ್‌ಶೆಲ್‌ನಲ್ಲಿ ‘ವೇರ್’ ಬೇರೆಯೇ ಕಮಾಂಡಿನ ಅಡ್ಡಹೆಸರು. ಅಲ್ಲಿ ಅದೇ ಸಾಲು ಟೈಪ್ ಮಾಡಿದರೆ ಉತ್ತರವೂ ಇಲ್ಲ, ಎರರ್ ಕೂಡ ಇಲ್ಲ. ಕಲಿಯುವವರು ಪೈಥಾನೇ ಇಲ್ಲ ಅಂದುಕೊಳ್ಳುತ್ತಾರೆ, ಅಲ್ವಾ?

ಮ್ಯಾಕ್‌ನ ಕಥೆ ಚಿಕ್ಕದು. ಪ್ರೋಗ್ರಾಂಗಳನ್ನು ಹಾಕಿಕೊಡುವ ಹೋಮ್‌ಬ್ರೂ ಎಂಬ ಟೂಲ್ ಇಂಟೆಲ್ ಮ್ಯಾಕ್‌ನಲ್ಲಿ ‘/ಯುಎಸ್‌ಆರ್/ಲೋಕಲ್’ನಲ್ಲಿ ಇರುತ್ತದೆ. 2020ರ ಕೊನೆಗೆ ಬಂದ ಎಂ1 ಮತ್ತು ಆಮೇಲಿನ ಮ್ಯಾಕ್‌ಗಳಲ್ಲಿ ‘/ಆಪ್ಟ್/ಹೋಮ್‌ಬ್ರೂ’ನಲ್ಲಿ. ಯಾವುದೋ ಒಂದನ್ನು ಗೈಡ್‌ನಲ್ಲಿ ಗಟ್ಟಿಯಾಗಿ ಬರೆದರೆ ಉಳಿದವರು ಕೆಟ್ಟರು. ಟರ್ಮಿನಲ್‌ನಲ್ಲಿ ‘ಬ್ರೂ --ಪ್ರಿಫಿಕ್ಸ್’ (brew --prefix) ಎಂದು ಟೈಪ್ ಮಾಡಿದರೆ ಸರಿಯಾದ ಜಾಗವನ್ನು ಅದೇ ಹೇಳುತ್ತದೆ.

ಲಿನಕ್ಸ್‌ನಲ್ಲಿ ಪ್ರೋಗ್ರಾಮನ್ನು ಸೋರ್ಸ್ ಕೋಡ್‌ನಿಂದ ನಾವೇ ಕಟ್ಟುವಾಗ ಇನ್ನೊಂದು ಗೋಜಲು. ‘ಕಾನ್ಫಿಗರ್’ ಹಂತದಲ್ಲಿ ಕೊಡುವ ಪ್ರಿಫಿಕ್ಸ್, ಪ್ರೋಗ್ರಾಂ ಮುಂದೆ ಎಲ್ಲಿಂದ ಓಡುತ್ತದೆ ಎಂಬುದು. ಏನೂ ಕೊಡದಿದ್ದರೆ ‘/ಯುಎಸ್‌ಆರ್/ಲೋಕಲ್’. ಫೈಲುಗಳನ್ನು ಜಾಗಕ್ಕೆ ಕಾಪಿ ಮಾಡುವ ‘ಮೇಕ್ ಇನ್‌ಸ್ಟಾಲ್’ ಕಮಾಂಡಿಗೆ ಕೊಡುವ ಡೆಸ್ಟ್‌ಡಿರ್ (DESTDIR) ಬರೀ ತಾತ್ಕಾಲಿಕ ಜಾಗ, ಪ್ಯಾಕೇಜ್ ಕಟ್ಟುವವರ ಅನುಕೂಲಕ್ಕೆ ಇರುವುದು. ಎರಡನ್ನೂ ‘ಇನ್‌ಸ್ಟಾಲ್ ಪಾತ್’ ಎಂದು ಕರೆದರೆ, ಡೆಸ್ಟ್‌ಡಿರ್‌ಗೆ ತನ್ನ ಹೋಮ್ ಫೋಲ್ಡರ್ ಕೊಟ್ಟವನಿಗೆ ಫೈಲುಗಳು ಅದರೊಳಗೆ ಮತ್ತೆ ‘ಯುಎಸ್‌ಆರ್’, ‘ಲೋಕಲ್’ ಎಂದು ಆಳದಲ್ಲಿ ಸಿಗುತ್ತವೆ. ಪ್ರೋಗ್ರಾಂ ಮಾತ್ರ ತನ್ನ ಡೇಟಾ ಫೈಲುಗಳನ್ನು ನಿಜವಾದ ‘/ಯುಎಸ್‌ಆರ್/ಲೋಕಲ್’ನಲ್ಲೇ ಹುಡುಕುತ್ತಿರುತ್ತದೆ. ಹೊಸಬರ ಗೈಡ್‌ನಲ್ಲಿ ಡೆಸ್ಟ್‌ಡಿರ್ ಹೆಸರೇ ಎತ್ತಬೇಡಿ ಎನ್ನುತ್ತೇನೆ ನಾನು.

ಪಾತ್ ಬದಲಿಸಲು ಹೇಳಿದ ಸಾಲಿನ ಕೆಳಗೇ ‘ಟರ್ಮಿನಲ್ ಮುಚ್ಚಿ ಹೊಸದನ್ನು ತೆರೆಯಿರಿ’ ಎಂದೂ ಸೇರಿಸಿ. ಆಗಲೇ ತೆರೆದಿದ್ದ ಟರ್ಮಿನಲ್ ತಾನು ಶುರುವಾದಾಗಿನ ಪಾತ್ ಹಿಡಿದುಕೊಂಡೇ ಕೂತಿರುತ್ತದೆ. ಪ್ರೋಗ್ರಾಂ ಫೈಲ್ಸ್ ಹೆಸರಿನ ನಡುವೆ ಖಾಲಿ ಜಾಗ ಇದೆ, ಕಮಾಂಡಿನಲ್ಲಿ ಬರೆದರೆ ಕೋಟ್ ಹಾಕಿಯೇ ತೋರಿಸಿ.

ಕೊನೆಗೆ, ಅಡ್ಮಿನ್ ಅಲ್ಲದ ಹೊಸ ಯೂಸರ್ ಅಕೌಂಟ್ ಮಾಡಿ, ಅದರಲ್ಲಿ ಗೈಡನ್ನು ಮೊದಲಿನಿಂದ ನಡೆಸಿ ನೋಡಿ. ಎಲ್ಲಾದರೂ ಪಾಸ್‌ವರ್ಡ್ ಕೇಳಿ ನಿಂತರೆ, ಕಾಲೇಜು ಲ್ಯಾಬಿನಲ್ಲಿ ಓದುವವರೂ ಅಲ್ಲೇ ನಿಲ್ಲುತ್ತಾರೆ. ಆ ಹಂತಕ್ಕೆ ಅಡ್ಮಿನ್ ಬೇಡದ ದಾರಿ ಇದ್ದರೆ ಅದನ್ನೇ ಮೊದಲು ಬರೆಯಿರಿ.