ತಪ್ಪೆಲ್ಲ ಬೇರೆಯವರದು, ಶಿಕ್ಷೆ ನಾಯಕನಿಗೆ

ಆಕ್ಸ್‌ಫರ್ಡಿನಲ್ಲಿ ಪಾದ್ರಿಯಾಗಲು ಓದುತ್ತಿರುವ ಪಾಲ್ ಪೆನ್ನಿಫೆದರ್ ಎಂಬ ಪಾಪದ ಹುಡುಗನ ಪ್ಯಾಂಟನ್ನು ಕುಡಿದ ಶ್ರೀಮಂತ ಹುಡುಗರು ಒಂದು ರಾತ್ರಿ ಕಿತ್ತುಕೊಳ್ಳುತ್ತಾರೆ. ಅಸಭ್ಯ ವರ್ತನೆಯೆಂದು ಕಾಲೇಜಿನಿಂದ ಹೊರಬೀಳುವವನು ಪಾಲ್. ಹುಡುಗರಿಂದ ವಸೂಲಾಗುವ ದಂಡದ ಮೊತ್ತ 50 ಪೌಂಡ್ ಮುಟ್ಟಿದರೆ ಮಾತ್ರ ಅಧ್ಯಾಪಕರಿಗೆ ನೆಲಮಾಳಿಗೆಯ ಹಳೆಯ ಪೋರ್ಟ್ ವೈನ್ ಸಿಗುತ್ತದೆ. ಹಾಗಾಗಿ ಗಾಜು ಒಡೆಯುವ ಸದ್ದು ಕೇಳಿದಷ್ಟೂ ಅವರಿಗೆ ಖುಷಿ. ಪಾಲ್‌ನಿಂದ ಹೆಚ್ಚು ದಂಡ ಹುಟ್ಟುವ ಹಾಗಿಲ್ಲ, ಆದ್ದರಿಂದ ಅವನನ್ನು ಉಳಿಸುವ ಅಗತ್ಯವೂ ಇಲ್ಲ.

1928ರಲ್ಲಿ ಬಂದ ಈವ್ಲಿನ್ ವಾ ಅವರ ‘ಡಿಕ್ಲೈನ್ ಅಂಡ್ ಫಾಲ್’ ಕಾದಂಬರಿ ಶುರುವಾಗುವುದು ಹೀಗೆ. ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ವಿಡಂಬನೆಯ ಗುಟ್ಟೆಲ್ಲ ಈ ದೃಶ್ಯದಲ್ಲಿದೆ. ನಾಯಕ ಏನೂ ಮಾಡುವುದಿಲ್ಲ. ಅವನು ಸುಮ್ಮನಿರುವುದರಿಂದಲೇ ಸುತ್ತಲಿನ ಕಾಲೇಜು, ಶಾಲೆ, ಜೈಲು, ಪತ್ರಿಕೆಗಳ ಬಣ್ಣ ಬಯಲಾಗುತ್ತದೆ.

ಇಂಥ ನಾಯಕ ದಿಢೀರನೆ ಹುಟ್ಟಿದವನಲ್ಲ. ಆಲ್ಡಸ್ ಹಕ್ಸ್ಲಿಯ ‘ಕ್ರೋಮ್ ಯೆಲ್ಲೋ’ದ (1921) ಡೆನಿಸ್ ಎಂಬ ಕವಿಗೆ ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾಗದು. ಕೊನೆಗೆ ತನಗೇ ಒಂದು ಟೆಲಿಗ್ರಾಂ ಬರುವಂತೆ ಮಾಡಿಕೊಂಡು ಊರು ಬಿಡುತ್ತಾನೆ. ಆದರೆ ಅಲ್ಲಿ ಪಾತ್ರಗಳು ಮಾತಾಡುವ ಬದಲು ಪ್ರಬಂಧ ಓದುತ್ತವೆ. ವಾ ಈ ವಿವರಣೆಯನ್ನೆಲ್ಲ ಕತ್ತರಿಸಿ ಎಸೆದರು. ಅವರೇ ಆಕ್ಸ್‌ಫರ್ಡಿನಲ್ಲಿ ಮೂರನೇ ದರ್ಜೆ ಪಡೆದು 1925ರಲ್ಲಿ ಉತ್ತರ ವೇಲ್ಸಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಪಾಲ್ ಹೋಗಿ ಸೇರುವ ವೇಲ್ಸಿನ ಶಾಲೆಗೆ ಸಾಮಗ್ರಿ ಅಲ್ಲಿಂದ ಬಂತು.

ಕತ್ತರಿ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಾದರೆ ಆ ಶಾಲೆಯ ಕ್ರೀಡಾಕೂಟದ ಅಧ್ಯಾಯ ಓದಬೇಕು. ಓಟ ಶುರುಮಾಡಲು ಹಾರಿಸಿದ ಗುಂಡು ಟ್ಯಾಂಜೆಂಟ್ ಎಂಬ ಹುಡುಗನ ಕಾಲಿಗೆ ತಗಲುತ್ತದೆ. ತರಚು ಗಾಯವಷ್ಟೆ. ಮುಂದೆಲ್ಲೋ ಬೇರೆ ಮಾತಿನ ನಡುವೆ, ಪಾದ ಊದಿ ಕಪ್ಪಾಗಿದೆ ಎಂದು ಯಾರೋ ಹೇಳುತ್ತಾರೆ. ಇನ್ನೆಲ್ಲೋ ಪಾದ ಕತ್ತರಿಸುವ ಸುದ್ದಿ. ಕೊನೆಗೆ ಮದುವೆಯೊಂದರ ಗಡಿಬಿಡಿಯಲ್ಲಿ ಅವನು ಸತ್ತದ್ದನ್ನು ತಾಯಿ ಅಡಚಣೆಯೆಂಬಂತೆ ಹೇಳುತ್ತಾಳೆ. ಲೇಖಕ ಎಲ್ಲೂ ‘ಅಯ್ಯೋ’ ಎನ್ನುವುದಿಲ್ಲ. ಒಂದೇ ಒಂದು ಕಡೆ ಅಂದಿದ್ದರೂ ಹಾಸ್ಯ ಕೆಟ್ಟು ಕಣ್ಣೀರ ಕಥೆಯಾಗುತ್ತಿತ್ತು.

ವಾ ಅವರದೇ ‘ಸ್ಕೂಪ್’ನಲ್ಲಿ (1938) ಈ ಯಂತ್ರ ಇನ್ನೂ ನುಣುಪು. ವಿಲಿಯಂ ಬೂಟ್ ಹಳ್ಳಿಯಲ್ಲಿ ಕುಳಿತು ಪತ್ರಿಕೆಗೆ ಪ್ರಕೃತಿ ಅಂಕಣ ಬರೆಯುವವನು. ಸೋದರಿ ತಮಾಷೆಗೆ ಅವನ ಬರಹದಲ್ಲಿ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ ಇದ್ದಲ್ಲೆಲ್ಲ ಒಂದು ನೀರುಹಕ್ಕಿಯ ಹೆಸರು ಹಾಕಿರುತ್ತಾಳೆ. ಕಚೇರಿಯಿಂದ ಕರೆ ಬಂದಾಗ ಕೆಲಸ ಹೋಯಿತೆಂದು ನಡುಗುತ್ತಾನೆ. ಕಳಿಸುವುದು ಮಾತ್ರ ಆಫ್ರಿಕಾದ ಯುದ್ಧಕ್ಕೆ, ಜಾನ್ ಬೂಟ್ ಎಂಬ ಕಾದಂಬರಿಕಾರ ಇವನೇ ಎಂದು ತಿಳಿದು! ಸಂದೇಶ ಒಯ್ಯುವವರಿಗೆಂದು, ಕಾಗದ ಸಿಕ್ಕಿಸಲು ತುದಿ ಸೀಳಿದ ಕೋಲುಗಳನ್ನೂ ಕೊಡಿಸುತ್ತಾರೆ. ಕೊನೆಗೆ ದೊಡ್ಡ ಸುದ್ದಿ ತರುವವನು ವಿಲಿಯಂ, ಸರ್ ಪದವಿ ಸಿಗುವುದು ಜಾನ್‌ಗೆ. 1935ರಲ್ಲಿ ಡೈಲಿ ಮೇಲ್ ಪತ್ರಿಕೆಗಾಗಿ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾ) ಹೋಗಿದ್ದ ವಾ ಅವರಿಗೆ ಈ ಅಧ್ವಾನವೆಲ್ಲ ಹತ್ತಿರದಿಂದ ಗೊತ್ತಿತ್ತು.

ಪಿ.ಜಿ. ವುಡ್‌ಹೌಸ್‌ನ ಬರ್ಟಿ ವೂಸ್ಟರ್ ಕೂಡ ಇದೇ ಜಾತಿ, ಆದರೆ ಅವನನ್ನು ಕಾಪಾಡಲು ಜೀವ್ಸ್ ಎಂಬ ಜಾಣ ಸೇವಕನಿದ್ದಾನೆ. ವಾ ಲೋಕದಲ್ಲಿ ಕಾಪಾಡುವವರಿಲ್ಲ. ಅದರ ತುತ್ತತುದಿ ‘ಎ ಹ್ಯಾಂಡ್‌ಫುಲ್ ಆಫ್ ಡಸ್ಟ್’ (1934). ಹೆಂಡತಿ ಬಿಟ್ಟುಹೋದ ಟೋನಿ ಲಾಸ್ಟ್ ದಕ್ಷಿಣ ಅಮೆರಿಕದ ಕಾಡಿನಲ್ಲಿ ಒಬ್ಬ ಹುಚ್ಚನ ಕೈಗೆ ಸಿಕ್ಕಿ, ಬದುಕಿಡೀ ಅವನಿಗೆ ಡಿಕನ್ಸ್ ಓದಿ ಹೇಳುತ್ತ ಕೂರಬೇಕಾಗುತ್ತದೆ. ಈ ಭಾಗ ಮೊದಲೇ ಸಣ್ಣಕತೆಯಾಗಿ ಅಮೆರಿಕದಲ್ಲಿ ಅಚ್ಚಾಗಿತ್ತು. ಹಾಗಾಗಿ ಅಲ್ಲಿನ ಧಾರಾವಾಹಿಗೆ ಬೇರೆ ಮುಕ್ತಾಯ ಬರೆಯಬೇಕಾಯಿತು. ಅದರಲ್ಲಿ ಟೋನಿ ವಾಪಸು ಬಂದು ಹೆಂಡತಿಯೊಡನೆ ಸಂಸಾರ ಮುಂದುವರಿಸುತ್ತಾನೆ. ಎರಡನ್ನೂ ಓದಿದವರಿಗೆ ಯಾವುದು ಹೆಚ್ಚು ಘೋರ ಎಂಬ ಅನುಮಾನ ಬರದಿರದು.

ಜಾರ್ಜ್ ಆರ್ವೆಲ್‌ನ ‘ಕೀಪ್ ದಿ ಆಸ್ಪಿಡಿಸ್ಟ್ರಾ ಫ್ಲೈಯಿಂಗ್’ ಕಾದಂಬರಿಯ (1936) ನಾಯಕ ಗಾರ್ಡನ್ ಕಾಮ್‌ಸ್ಟಾಕ್‌ನನ್ನು ಈ ಸಾಲಿಗೆ ಸೇರಿಸುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಅವನು ಹಟ ಹಿಡಿದು, ದುಡ್ಡನ್ನು ಧಿಕ್ಕರಿಸಿ ಬಡತನಕ್ಕಿಳಿಯುತ್ತಾನೆ. ನಾಯಕನಿಗೆ ಸಿಟ್ಟು ಬಂತೆಂದರೆ ಓದುಗನ ಕಣ್ಣು ವ್ಯವಸ್ಥೆಯನ್ನು ಬಿಟ್ಟು ಅವನ ಮೇಲೆ ಬೀಳುತ್ತದೆ. ಸಿಟ್ಟೂ ನಗೆಯೂ ಒಟ್ಟಿಗೆ ದಕ್ಕಿದ್ದು ಎರಡನೇ ಯುದ್ಧ ಮುಗಿದ ಮೇಲೆ, 1954ರ ಕಿಂಗ್ಸ್ಲಿ ಏಮಿಸ್‌ನ ‘ಲಕಿ ಜಿಮ್’ನಲ್ಲಿ. ಅಲ್ಲಿನ ಪೆದ್ದ ಅಧ್ಯಾಪಕ ಎದುರಾಳಿಗೆ ಗುದ್ದುತ್ತಾನೆ, ಕುಡಿದು ಭಾಷಣ ಕೆಡಿಸಿ ಕೆಲಸ ಕಳೆದುಕೊಳ್ಳುತ್ತಾನೆ, ಆಮೇಲೆ ಲಂಡನ್ನಿನಲ್ಲಿ ಅದಕ್ಕಿಂತ ಒಳ್ಳೆಯ ಕೆಲಸವನ್ನೇ ಗಿಟ್ಟಿಸುತ್ತಾನೆ.