ವಿದ್ಯಾರ್ಥಿಗಳು ರೋಗಿಗಳ ಮೇಲೆ ಪ್ರಯೋಗ ಮಾಡ್ತಾರಾ?

ಓದುಗರ ಪ್ರಶ್ನೆ: ಅಮ್ಮನನ್ನು ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಸೇರಿಸಿ ಅಂತಿದಾರೆ. ಅಲ್ಲಿ ಕಲಿಯೋ ಹುಡುಗರು ರೋಗಿಗಳ ಮೇಲೆ ಪ್ರಯೋಗ ಮಾಡ್ತಾರಂತೆ, ನಿಜವೇ?

ಉತ್ತರ: ಇಲ್ಲ. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇವೋ ಲೆಕ್ಕ ತಪ್ಪಿದೆ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆದುಬಿಡೋಣ.

ಬಿಳಿ ಕೋಟು ಕಂಡ ಕೂಡಲೇ ಎಲ್ಲರನ್ನೂ ‘ಕಲಿಯೋ ಹುಡುಗರು’ ಅಂದುಬಿಡುತ್ತೇವೆ. ಬೆಂಗಳೂರಿನ ವಿಕ್ಟೋರಿಯಾ ಇರಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಇರಲಿ, ವಾರ್ಡಿನಲ್ಲಿ ಮೂರು ಥರದವರು ಇರುತ್ತಾರೆ. ಬೆಳಿಗ್ಗೆ ನೋಟ್‌ಬುಕ್ ಹಿಡಿದು ಗುಂಪಾಗಿ ಬಂದು ಮಂಚದ ಸುತ್ತ ನಿಲ್ಲುವವರು ಎಂಬಿಬಿಎಸ್ ವಿದ್ಯಾರ್ಥಿಗಳು. ಇವರು ಒಂದು ಮಾತ್ರೆಯನ್ನೂ ಬರೆದುಕೊಡುವಂತಿಲ್ಲ. ರಕ್ತ ತೆಗೆಯುವ, ಡ್ರಿಪ್ ಹಾಕುವ ಹೌಸ್ ಸರ್ಜನ್‌ಗಳು ನಾಲ್ಕೂವರೆ ವರ್ಷದ ಓದು ಮುಗಿಸಿ, ಪಾಸಾಗಿ, ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್‌ನಲ್ಲಿ ಇರುವವರು. ಇನ್ನು ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ‘ಪಿಜಿ’ಗಳು ನೋಂದಣಿಯಾದ ಡಾಕ್ಟರುಗಳೇ, ಅದರ ಮೇಲೆ ಮೂರು ವರ್ಷದ ಎಂಡಿಯನ್ನೋ ಎಂಎಸ್ಸನ್ನೋ ಮಾಡುತ್ತಿರುತ್ತಾರೆ. ಊರಿನ ಕ್ಲಿನಿಕ್ಕಿನ ಎಂಬಿಬಿಎಸ್ ಡಾಕ್ಟರಿಗೆ ಕೈಮುಗಿಯುವ ನಾವು ಅದೇ ಡಿಗ್ರಿಯ ಪಿಜಿಯನ್ನು ಕಂಡು ಯಾಕೆ ಹೆದರುತ್ತೇವೋ ತಿಳಿಯದು.

ಹೊಸ ಔಷಧ ಪರೀಕ್ಷಿಸುವುದು ಬೇರೆಯೇ ಬಾಬತ್ತು. 2019ರ ನಿಯಮಗಳ ಪ್ರಕಾರ ಅದಕ್ಕೆ ಎಥಿಕ್ಸ್ ಕಮಿಟಿ (ರೋಗಿಗಳ ಹಿತ, ಸುರಕ್ಷತೆ ನೋಡುವ ಸಮಿತಿ) ಒಪ್ಪಬೇಕು, ನಿಮಗೆ ಅರ್ಥವಾಗುವ ಭಾಷೆಯ ಪ್ರತ್ಯೇಕ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು, ಅದರ ಒಂದು ಪ್ರತಿ ನಿಮ್ಮ ಕೈಗೂ ಕೊಡಬೇಕು. ಅಡ್ಮಿಷನ್ ವೇಳೆ ಹಾಕಿದ ಸಹಿ ಇದಕ್ಕೆ ಲೆಕ್ಕಕ್ಕಿಲ್ಲ.

ಹಾಗಾದರೆ ಮಂಚದ ಸುತ್ತ ನಿಲ್ಲುವ ವಿದ್ಯಾರ್ಥಿಗಳ ಆ ಗುಂಪು ಮಾಡುವುದೇನು? ಕೆಳಗಿನ ರೆಪ್ಪೆ ಎಳೆದು ರಕ್ತ ಕಡಿಮೆ ಇದೆಯಾ ನೋಡುತ್ತಾರೆ. ಮೊಣಕಾಲ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಗುಳಿ ಬಿದ್ದರೆ ಕಾಲಿನಲ್ಲಿ ನೀರು ತುಂಬಿದೆ ಅಂತ ಬರೆದುಕೊಳ್ಳುತ್ತಾರೆ. ಲಿವರ್ ನೋಡುವಾಗ ಬಲಗಡೆ ಕಿಬ್ಬೊಟ್ಟೆಯಿಂದ ಶುರುಮಾಡಿ, ನೀವು ಉಸಿರೆಳೆದಾಗಲೆಲ್ಲ ಬೆರಳು ಒತ್ತುತ್ತಾ, ಬಿಟ್ಟಾಗ ಒಂದಿಷ್ಟು ಮೇಲಕ್ಕೆ ಸರಿಯುತ್ತಾ ಪಕ್ಕೆಲುಬಿನ ಅಂಚಿನವರೆಗೆ ಹೋಗುತ್ತಾರೆ. ಹೊಟ್ಟೆ ಬಿಗಿಹಿಡಿದರೆ ಅವರಿಗೆ ಏನೂ ಸಿಗುವುದಿಲ್ಲ, ಮತ್ತೆ ಮೊದಲಿಂದ ಒತ್ತುತ್ತಾರೆ. ಮಂಡಿ ಮಡಚಿ, ಬಾಯಿಂದ ಉಸಿರಾಡಿ, ಬೇಗ ಮುಗಿಯುತ್ತದೆ. ಎದೆಯ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿಂದ ಬಡಿಯುವುದು ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ: ಗಾಳಿ ಇದ್ದಲ್ಲಿ ಟೊಳ್ಳು ಸದ್ದು, ನೀರು ತುಂಬಿದಲ್ಲಿ ಮೊದ್ದು ಸದ್ದು. ಇದರಲ್ಲಿ ಪ್ರಯೋಗ ಎಲ್ಲಿಂದ ಬಂತು?

ಕಿರಿಕಿರಿ ಇದೆ, ಒಪ್ಪೋಣ. ನೋಯುವ ಹೊಟ್ಟೆಯನ್ನು ಎಂಟು ಜನ ಒತ್ತಿದರೆ ಎಂಟು ಸಲ ನೋವು. ಮಗುವಿನ ಕಿಡ್ನಿಯಲ್ಲಿ ಗೆಡ್ಡೆಯ ಅನುಮಾನವಿದ್ದರಂತೂ ಅದು ಒಡೆಯುವ ಭಯಕ್ಕೆ ಹೊಟ್ಟೆಯನ್ನು ಮತ್ತೆ ಮತ್ತೆ ಒತ್ತಲೇಬಾರದು. ‘ಒಬ್ಬರು ನೋಡಿದ್ದು ಸಾಕಪ್ಪ’, ‘ಊಟ ಆದಮೇಲೆ ಬನ್ನಿ’, ಕೊನೆಗೆ ‘ಬೇಡ’ ಅಂತಲೂ ಹೇಳಬಹುದು. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಗಂಡುಹುಡುಗರು ಅಮ್ಮನನ್ನು ಪರೀಕ್ಷಿಸುವಾಗ ಪರದೆ ಎಳೆದಿರಬೇಕು, ಜೊತೆಗೆ ಒಬ್ಬ ಹೆಂಗಸು ಇರಬೇಕು. ಇಲ್ಲದಿದ್ದರೆ ಸಿಸ್ಟರ್‌ಗೆ ಹೇಳಿ.

ನಮ್ಮನ್ನು ಕೇಳಬೇಕಾದ್ದನ್ನು ಮಾತ್ರ ಓದುಗರು ಯಾರೂ ಕೇಳುವುದಿಲ್ಲ. ವಿದ್ಯಾರ್ಥಿಗಳು ಅರ್ಧ ಗಂಟೆ ಪಕ್ಕದಲ್ಲಿ ನಿಂತು ಹಳೇ ಕಾಯಿಲೆ, ಮನೆಯವರ ಕಾಯಿಲೆ, ಬೀಡಿ, ಎಲೆಅಡಿಕೆ ಎಲ್ಲ ವಿಚಾರಿಸುತ್ತಾರೆ. ರೌಂಡ್ಸಿನ ಗಡಿಬಿಡಿಯಲ್ಲಿ ಬಾಯಿಬಿಡದವರೂ ಇವರ ಹತ್ತಿರ ‘ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದಿತ್ತು ಕಣಪ್ಪ’ ಅಂತ ಹೇಳಿಕೊಳ್ಳುತ್ತಾರೆ. ಆದರೆ ಅವರು ಬರೆದುಕೊಳ್ಳುವುದು ತಮ್ಮ ನೋಟ್‌ಬುಕ್ಕಿನಲ್ಲಿ, ನಿಮ್ಮ ಕೇಸ್ ಶೀಟಿನಲ್ಲಲ್ಲ. ಡಾಕ್ಟರಿಗೆ ಹೇಳಿ ಆಯ್ತಲ್ಲ ಅಂತ ರೋಗಿ ಸುಮ್ಮನಾಗುತ್ತಾರೆ. ಔಷಧ ಬರೆಯುವ ಪಿಜಿಗೆ ವಿಷಯವೇ ತಲುಪಿರುವುದಿಲ್ಲ. ಹೆದರುವುದಾದರೆ ಇದಕ್ಕೆ ಹೆದರಿ. ಅಲರ್ಜಿ, ಬಿಪಿ-ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಏನಿದ್ದರೂ ಕೇಸ್ ಶೀಟ್ ಬರೆಯುತ್ತಿರುವವರ ಎದುರು ಇನ್ನೊಮ್ಮೆ ಹೇಳಿ. ಅಲರ್ಜಿಯನ್ನು ಮೊದಲ ಪುಟದಲ್ಲೇ ಎದ್ದು ಕಾಣುವ ಹಾಗೆ ಬರೆದರಾ ನೋಡಿ. ಹಳೇ ಚೀಟಿಗಳನ್ನು, ಮಾತ್ರೆ ಖಾಲಿಯಾದ ಶೀಟನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ; ‘ಬೆಳ್ಳಗಿರೋ ಸಣ್ಣ ಮಾತ್ರೆ’ ಅಂದರೆ ಪ್ರೊಫೆಸರಿಗೂ ಗೊತ್ತಾಗುವುದಿಲ್ಲ.